ಕೆಡುವ ಮೊದಲು

ಮಾರನಹಳ್ಳಿಯಲ್ಲಿ, ಘಾಟಿ ಇಳಿಯುವ ಮುನ್ನ ಲಾರಿಗಳು ನಿಲ್ಲುವ ಜಾಗದಲ್ಲಿ, ಕೃಷ್ಣಪ್ಪನ ಹೋಟೆಲಿತ್ತು. ಹೆಸರಿಗೆ ಕೃಷ್ಣಪ್ಪನದು, ಬರುವವರು ಕೇಳುತ್ತಿದ್ದುದು ಅವನ ಹೆಂಡತಿ ಇಂದ್ರಮ್ಮನ ಕೈಯಡುಗೆಯನ್ನು. ಮಂಗಳೂರಿಗೆ ಇಳಿಯುವ ಡ್ರೈವರುಗಳು ಬೆಳಿಗ್ಗೆ ಅಕ್ಕಿ ರೊಟ್ಟಿ ತಿಂದು ಹೋದರೆ, ಹತ್ತಿ ಬಂದವರು ಮಧ್ಯಾಹ್ನಕ್ಕೆ ಕಡುಬು, ಕೋಳಿ ಸಾರು ಹುಡುಕಿಕೊಂಡು ಬರುತ್ತಿದ್ದರು. ಕೃಷ್ಣಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಅವನ ತಾಯಿ ಕೆಂಚಮ್ಮ ಹಿಂದಿನ ಜಗಲಿಯಲ್ಲಿ ಕೂತು ಈರುಳ್ಳಿ, ಬೆಳ್ಳುಳ್ಳಿ ಸುಲಿದುಕೊಡುತ್ತಿದ್ದಳು. ಮಗಳು ಸುಮಿತ್ರ ಸಕಲೇಶಪುರದಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಯಸಳೂರಿನ ಕಡೆಯಿಂದ ಅವಳಿಗೊಂದು ಸಂಬಂಧ ಕೂಡಿಬರುವುದರಲ್ಲಿತ್ತು.

ಎಂಬತ್ತನಾಲ್ಕನೇ ಇಸವಿಯಲ್ಲಿ, ಕಾಫಿ ಕೊಯ್ಲಿನ ಹೊತ್ತಿಗೆ, ಇಂದ್ರಮ್ಮನಿಗೆ ಮುಟ್ಟು ಬಂದರೆ ನಿಲ್ಲುವುದೇ ಇಲ್ಲವೆಂಬಂತಾಯಿತು. ಹೊರಗೆ ಕೂರುವ ಪದ್ಧತಿಯನ್ನು ಹೋಟೆಲು ಇಟ್ಟ ವರ್ಷವೇ ಕೆಂಚಮ್ಮ ಕೈಬಿಟ್ಟಿದ್ದಳು; ಇಲ್ಲದಿದ್ದರೆ ಈಗ ಅರ್ಧ ತಿಂಗಳು ಬಾಗಿಲು ಮುಚ್ಚಬೇಕಾಗುತ್ತಿತ್ತು. ಇಂದ್ರಮ್ಮ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ರೊಟ್ಟಿ ತಟ್ಟುತ್ತಲೇ ಇದ್ದಳು. ಒಂದು ದಿನ ಸಾರಿನ ಪಾತ್ರೆ ಎತ್ತಲು ಹೋಗಿ ಎತ್ತಲಾಗದೆ, ಒಲೆಯ ಪಕ್ಕದ ಗೋಡೆಗೆ ಒರಗಿ ನಿಂತಳು. ಮುಖ ಬಿಳುಚಿತ್ತು.

"ಸಾಕು. ನಾಳೆ ಹಾಸನಕ್ಕೆ ಹೋಗ್ತೀನಿ. ಸುಮಿ, ನೀನೂ ಹೊರಡು," ಎಂದಳು.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರ್ ಡೊರಿನ್ ಎಂಬುವವರು ಅವಳನ್ನು ಪರೀಕ್ಷೆ ಮಾಡಿದರು. ಮಂಗಳೂರಿನ ಕಡೆಯವರು, ಕಡಿಮೆ ಮಾತು, ಮುಖ ನೋಡಿಯೇ ಮಾತಾಡುವವರು.

"ಗರ್ಭಕೋಶದಲ್ಲಿ ಗಡ್ಡೆಗಳಿವೆ. ಕ್ಯಾನ್ಸರ್ ಥರ ಕಾಣಲ್ಲ, ಹೆದರಬೇಡಿ. ಆದ್ರೆ ಹೀಗೇ ರಕ್ತ ಹೋಗ್ತಿದ್ರೆ ಒಲೆ ಮುಂದೇನೇ ಬಿದ್ದುಬಿಡ್ತೀರಿ. ಗರ್ಭಕೋಶ ತೆಗೀಬೇಕು."

"ತೆಗೀರಿ. ಇನ್ನು ಅದರಿಂದ ನಂಗೇನ್ ಕೆಲ್ಸ ಐತೆ?"

ಡಾಕ್ಟರು ಸ್ವಲ್ಪ ನಕ್ಕು, ಚೀಟಿಯಲ್ಲಿ ಬರೆಯುತ್ತಾ ಕೇಳಿದರು, "ನಿಮ್ಮ ತಾಯಿ ಇದ್ದಾರಾ?"

"ಇಲ್ಲ. ನನ್ ಮದ್ವೆ ಆದ ವರ್ಷನೇ ಹೋದ್ರು. ಹೊಟ್ಟೆ ಊದ್ಕೊಂಡಿತ್ತು. ನೀರು ತೆಗೆದ್ರೆ ಮತ್ತೆ ತುಂಬ್ಕಳೋದು."

"ಅಕ್ಕತಂಗಿಯರು?"

ಇಂದ್ರಮ್ಮ ಮಗಳ ಕಡೆ ನೋಡಿದಳು. ಅಕ್ಕ ಕಮಲಮ್ಮ ಕಾಮಾಲೆಯಿಂದ ಹೋದಳೆಂದೇ ಮನೆಯ ಮಕ್ಕಳಿಗೂ ಊರಿಗೂ ಹೇಳಿದ್ದಾಗಿತ್ತು. ಹೊರಗೆ ಕೂತಿರು ಎಂದು ಮಗಳಿಗೆ ಹೇಳಲು ಬಾಯಿ ತೆರೆದವಳು ಹಾಗೇ ನಿಲ್ಲಿಸಿದಳು. ಡಾಕ್ಟರ ಮುಂದೆ ಸುಳ್ಳು ಹೇಳುವುದಕ್ಕೆ ಇಷ್ಟು ದೂರ ಬಸ್ಸು ಹತ್ತಿ ಬರಬೇಕಾಗಿರಲಿಲ್ಲ.

"ತಂಗಿ ಒಬ್ಳು ಅವ್ಳೆ, ಆಲೂರಲ್ಲಿ. ಅಕ್ಕ ಹೋಗ್ಬುಟ್ಲು. ಅವಳ್ಗೂ ಅವ್ವನ ಥರಾನೇ ಹೊಟ್ಟೆ. ಬೆಂಗ್ಳೂರಲ್ಲಿ ಕೊಯ್ದು ನೋಡಿ, ಅಂಡಾಶಯದ ಕ್ಯಾನ್ಸರ್ರು, ಒಳಗೆಲ್ಲಾ ಹರಡ್ಬುಟ್ಟೈತೆ ಅಂದ್ರು. ಹಂಗೇ ಹೊಲಿಗೆ ಹಾಕಿ ಕಳಿಸಿದ್ರು. ಜೊತೇಲಿ ನಾನೇ ಇದ್ದೆ."

"ಆಗ ಅವರಿಗೆ ವಯಸ್ಸೆಷ್ಟು?"

"ನಂಗೀಗ ಎಷ್ಟೋ ಅಷ್ಟೇ. ನಲವತ್ಮೂರು."

ಡಾಕ್ಟರು ಪೆನ್ನು ಕೆಳಗಿಟ್ಟರು.

"ನೋಡಿ ಇಂದ್ರಮ್ಮ, ಅಂಡಾಶಯ ಗರ್ಭಕೋಶದ ಆಚೆಗೊಂದು, ಈಚೆಗೊಂದು ಇರುತ್ತೆ. ಬಾದಾಮಿ ಗಾತ್ರ. ಈ ಗಡ್ಡೆಗೋಸ್ಕರ ಅವನ್ನ ತೆಗೀಬೇಕಾಗಿಲ್ಲ. ಬೇರೆಯವರಾಗಿದ್ರೆ, ನಿಮ್ಮ ವಯಸ್ಸಿಗೆ ನಾನು ಬಿಟ್ಟುಬಿಡ್ತಿದ್ದೆ. ಆದ್ರೆ ತಾಯಿಗೂ ಬಂದು ಅಕ್ಕನಿಗೂ ಬಂದಿದೆ ಅಂದ್ರೆ ನಿಮಗೆ ಬರೋ ಸಂಭವ ಹೆಚ್ಚು. ಬಂದೇ ಬರುತ್ತೆ ಅಂತಲ್ಲ."

"ಬರುತ್ತೋ ಇಲ್ವೋ ಅಂತ ನೋಡೋ ಪರೀಕ್ಷೆ ಇಲ್ವಾ?"

"ಇಲ್ಲ. ಹೊರಗೆ ಗೊತ್ತಾಗೋ ಹೊತ್ತಿಗೆ ತಡ ಆಗಿರುತ್ತೆ."

"ತೆಗೆಸ್ಬುಟ್ರೆ?"

"ಮುಟ್ಟು ನಿಲ್ಲೋ ಕಾಲಕ್ಕೆ ನಿಧಾನವಾಗಿ ಆಗೋದೆಲ್ಲ ಒಂದೇ ಸಲ ಆಗುತ್ತೆ. ಮೈಗೆ ಬೆಂಕಿ ಇಟ್ಟ ಹಾಗೆ ಬಿಸಿ, ಬೆವರು. ನಿದ್ದೆ ಕೆಡುತ್ತೆ. ಮೂಳೆ ಬೇಗ ಸವೆಯುತ್ತೆ. ಒಂದು ಸಲ ತೆಗೆದ್ರೆ ವಾಪಸ್ ಇಡಕ್ಕಾಗಲ್ಲ. ತೆಗೆದ ಮೇಲೂ ಖಂಡಿತ ಬರಲ್ಲ ಅಂತ ನಾನು ಆಣೆ ಮಾಡಕ್ಕಾಗಲ್ಲ. ಆದ್ರೆ ಅಪಾಯ ತುಂಬಾ ಕಡಿಮೆ ಆಗುತ್ತೆ." ಡಾಕ್ಟರು ಕಬ್ಬಿಣದ ಮಾತ್ರೆಯ ಚೀಟಿ ಮುಂದಿಟ್ಟರು. "ರಕ್ತ ಏರೋದಕ್ಕೆ ಹೇಗೂ ಒಂದು ತಿಂಗಳು ಬೇಕು. ಮನೇಲಿ ಮಾತಾಡಿ. ತೀರ್ಮಾನ ನಿಮ್ಮದು."

ವಾಪಸು ಬರುವಾಗ ಬಸ್ಸು ಬಾಳ್ಳುಪೇಟೆ ದಾಟಿದ ಮೇಲೆ ಸುಮಿತ್ರ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

"ದೊಡ್ಡಮ್ಮಂಗೆ ಕಾಮಾಲೆ ಅಲ್ವಾ?"

"ಅಲ್ಲ."

"ಮತ್ತೆ ನಂಗ್ಯಾಕವ್ವ ಸುಳ್ಳು ಹೇಳ್ದೆ?"

"ನಿನ್ ಮದ್ವೆಗೆ ಅಡ್ಡ ಆಗ್ಬಾರ್ದು ಅಂತ ಎಲ್ಲಾ ಸೇರಿ ಹಂಗ್ ಹೇಳಿದ್ವಿ."

"ನಂಗೂ ಬರುತ್ತಾ?"

"ಗೊತ್ತಿಲ್ಲ ಕಣೆ. ಆದ್ರೆ ಇವತ್ತಿಂದ ನಿಂಗೂ ಗೊತ್ತೈತಲ್ಲ, ಅಷ್ಟು ಹುಷಾರಾಗಿರ್ತೀಯ."

ಸುಮಿತ್ರ ಮತ್ತೆ ಕಿಟಕಿಯ ಕಡೆ ತಿರುಗಿದಳು. ಮನೆ ಸೇರಿದ ಮೇಲೂ ಎರಡು ದಿನ ತಾಯಿಯೊಡನೆ ಉಪ್ಪು, ಹುಳಿಯ ಲೆಕ್ಕಕ್ಕಷ್ಟೇ ಮಾತಾಡಿದಳು.

ಹಾಸನದಿಂದ ಬಂದ ರಾತ್ರಿ ಊಟಕ್ಕೆ ಮುದ್ದೆ, ಹುರುಳಿ ಕಾಳು ಸಾರು. ಲಾರಿಯವರು ಹೋದ ಮೇಲೆ ಮನೆಯವರು ಕೂತಾಗ ಇಂದ್ರಮ್ಮ ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಗರ್ಭಕೋಶದ ಮಾತಿಗೆ ಕೆಂಚಮ್ಮ ತಲೆದೂಗಿದಳು. ಅಂಡಾಶಯದ ಮಾತು ಬಂದಾಗ ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು.

"ಅಲ್ಲ ಕಣೆ ಇಂದ್ರಿ, ಕೆಟ್ಟಿರೋದನ್ನ ತೆಗೆಸು, ಬ್ಯಾಡ ಅನ್ನಲ್ಲ. ಚೆನ್ನಾಗಿರೋದನ್ನ ಯಾಕೆ ಕೊಯ್ಸಿ ಬಿಸಾಕ್ತೀಯ? ತೋಟದಲ್ಲಿ ಒಂದು ಗಿಡಕ್ಕೆ ಹುಳ ಬಿದ್ರೆ ಪಕ್ಕದ ಹಸಿರು ಗಿಡನೂ ಕಿತ್ತಾಕ್ತಾರಾ?"

"ಅತ್ತ್ಯಮ್ಮ, ನಮ್ಮವ್ವನ ಗಿಡ ಹೋಯ್ತು. ಅಕ್ಕನ ಗಿಡ ಹೋಯ್ತು. ಅದೇ ಸಾಲಲ್ಲಿ ಮೂರನೇದು ನಾನು."

"ದೇವರು ಕೊಟ್ಟಿದ್ದು."

"ಗಡ್ಡೆನೂ ಅವನೇ ಕೊಟ್ಟಿದ್ದಲ್ವಾ? ಅದನ್ನ ತೆಗೆಸು ಅಂತೀರಲ್ಲ."

ಕೆಂಚಮ್ಮ ಮಗನ ಕಡೆ ನೋಡಿದಳು. ಕೃಷ್ಣಪ್ಪ ಅರ್ಧ ಮುದ್ದೆ ಬಿಟ್ಟು ಎದ್ದು ಕೈ ತೊಳೆದುಕೊಂಡ.

ಅವನು ಮಾತಾಡಿದ್ದು ಸಂತೆಯ ದಿನ, ಸಕಲೇಶಪುರದಿಂದ ಸಾಮಾನು ತಂದ ಮೇಲೆ. ಔಷಧಿ ಅಂಗಡಿಯ ಬೋರಯ್ಯನ ಹತ್ತಿರ ವಿಚಾರಿಸಿಕೊಂಡು ಬಂದಿದ್ದ.

"ಅದನ್ನ ತೆಗೆಸಿದ್ರೆ ಹೆಂಗಸರಿಗೆ ಗಡ್ಡ ಮೀಸೆ ಬರ್ತದಂತೆ. ದನಿ ಒಡೀತದಂತೆ. ಗಂಡನ್ನ ಕಂಡ್ರೆ ಆಗಲ್ವಂತೆ."

ಇಂದ್ರಮ್ಮ ಅಕ್ಕಿ ಹಿಟ್ಟು ಜರಡಿ ಹಿಡಿಯುತ್ತಾ ಅಂದಳು, "ಮೀಸೆ ಬಂದ್ರೆ ಒಳ್ಳೇದೇ ಆಯ್ತು ಬುಡಿ. ರೊಟ್ಟಿ ಸೀದೋಗೈತೆ ಅಂತ ಜಗಳ ಕಾಯೋ ಡ್ರೈವರುಗಳು ಹೆದರ್ಕತಾರೆ."

ಸುಮಿತ್ರಳಿಗೆ ನಗು ತಡೆಯಲಾಗಲಿಲ್ಲ. ಎರಡು ದಿನದ ಮೌನ ಅಲ್ಲಿಗೆ ಮುರಿಯಿತು. ಕೆಂಚಮ್ಮನೂ ಸೆರಗು ಬಾಯಿಗಿಟ್ಟುಕೊಂಡಳು. ಕೃಷ್ಣಪ್ಪ ಮಾತ್ರ ನಗಲಿಲ್ಲ.

ಅದರ ಮಾರನೇ ವಾರ ಆಲೂರಿನಿಂದ ತಂಗಿ ನಾಗರತ್ನಮ್ಮ ಬಂದಿಳಿದಳು. ಯಸಳೂರಿನ ಸಂಬಂಧ ತಂದವಳು ಅವಳೇ. ಹುಡುಗನ ತಂದೆ ಅಣ್ಣಯ್ಯ ಅವಳ ಗಂಡನಿಗೆ ದೂರದ ದಾಯಾದಿ. ಚೀಲ ಕೆಳಗಿಡುವ ಮುಂಚೆಯೇ ಶುರುಮಾಡಿದಳು.

"ಭಾನುವಾರ ಅವ್ರು ಬರ್ತಾ ಅವ್ರೆ ಮಾತುಕತೆಗೆ. ನೀನು ಆಪರೇಷನ್ ಅಂದ್ರೆ ಗಡ್ಡೆ ಅನ್ನು, ಸಾಕು. ಅವ್ವಂದು, ಕಮಲಕ್ಕಂದು ಎತ್ತಬ್ಯಾಡ."

"ಕೇಳಿದ್ರೆ?"

"ಯಾಕೆ ಕೇಳ್ತಾರೆ? ಕಮಲಕ್ಕ ಕಾಮಾಲೇಲಿ ಹೋದ್ಲು ಅಂತ ನಾನೇ ಹೇಳಿದೀನಿ."

"ನಾಗಿ, ಅದು ಕಾಮಾಲೆ ಅಲ್ಲ ಅಂತ ನಿಂಗೂ ಗೊತ್ತು."

"ನಂಗೆ ಏನೂ ಗೊತ್ತಿಲ್ಲ! ನಂಗೂ ಎರಡು ಹೆಣ್ಮಕ್ಳು ಅವೆ. ಇವತ್ತು ನೀನು ಡಂಗುರ ಹೊಡೆದ್ರೆ ನಾಳೆ ನಮ್ಮನೆ ಬಾಗ್ಲಿಗೆ ಯಾರು ಬರ್ತಾರೆ? ಈ ಮನೆ ಹೆಣ್ಣು ತಂದ್ರೆ ಹೊಟ್ಟೆ ಊದಿ ಸಾಯ್ತವೆ ಅನ್ನಲ್ವಾ ಜನ?"

"ನಿನ್ ಎರಡು ಮಕ್ಳ ಮಾತು ಆಮೇಲೆ. ನಿನ್ ಹೊಟ್ಟೆ ಯಾವತ್ತಾದ್ರೂ ತೋರಿಸಿದೀಯಾ?"

"ನಂಗೇನಾಗೈತೆ? ಕಲ್ಲುಗುಂಡಿನ ಹಾಗಿದೀನಿ."

"ಅಕ್ಕನೂ ಹಂಗೇ ಅಂತಿದ್ಲು."

ನಾಗರತ್ನಮ್ಮ ಅಳಲು ಶುರುಮಾಡಿದಳು. ಕೃಷ್ಣಪ್ಪ ಒಳಗೆ ಬಂದು, "ಅವ್ಳು ಹೇಳೋದ್ರಲ್ಲಿ ಏನ್ ತಪ್ಪೈತೆ? ಮದ್ವೆ ಒಂದು ಮುಗೀಲಿ, ಆಮೇಲೆ ಏನಾದ್ರೂ ಮಾಡ್ಕೊ," ಎಂದ.

"ಮಗಳನ್ನ ಕೇಳಿ," ಎಂದಳು ಇಂದ್ರಮ್ಮ.

ಎಲ್ಲರೂ ಬಾಗಿಲ ಹತ್ತಿರ ನಿಂತಿದ್ದ ಸುಮಿತ್ರಳ ಕಡೆ ತಿರುಗಿದರು. ಅವಳು ಕಾಲಬೆರಳಲ್ಲಿ ನೆಲ ಕೆರೆದಳು. "ಹುಡುಗ ನಂಗೆ ಒಪ್ಪಿಗೆನೇ," ಎಂದಳು ಮೆಲ್ಲಗೆ. "ಆದ್ರೆ ಸುಳ್ಳು ಹೇಳಿ ಹೋದ್ರೆ, ಅಲ್ಲಿ ನಂಗೆ ಹೊಟ್ಟೆ ನೋವು ಬಂದ್ರೂ ಬಾಯಿ ಬಿಡಂಗಿಲ್ಲ ಚಿಕ್ಕಮ್ಮ. ದೊಡ್ಡಮ್ಮನೂ ಬಾಯಿ ಬಿಡ್ದೇ ಇದ್ದಿದ್ದಕ್ಕೇ ತಡ ಆಗಿದ್ದಲ್ವಾ?"

ನಾಗರತ್ನಮ್ಮ ಊಟಕ್ಕೂ ನಿಲ್ಲದೆ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು.

ಭಾನುವಾರ ಅಣ್ಣಯ್ಯ, ಅವನ ಹೆಂಡತಿ, ಹುಡುಗನ ಸೋದರಮಾವ ಜೀಪಿನಲ್ಲಿ ಬಂದರು. ಕಡುಬು, ನಾಟಿ ಕೋಳಿ ಸಾರು, ಶಾವಿಗೆ ಪಾಯಸ. ಅಣ್ಣಯ್ಯ ಎರಡನೇ ಸಲ ಸಾರು ಹಾಕಿಸಿಕೊಂಡು, "ಬೀಗಿತ್ತಿ ಕೈ ರುಚಿ ಮಗಳಿಗೂ ಬಂದಿದ್ರೆ ನಮ್ಮುಡುಗ ಪುಣ್ಯವಂತ," ಎಂದು ಹೊಗಳಿದ. ವೀಳ್ಯದ ತಟ್ಟೆ ಮುಂದಿಟ್ಟ ಮೇಲೆ ಅವನ ಹೆಂಡತಿ, "ನಿಮ್ದೇನೋ ಆಪರೇಷನ್ ಅಂತೆ?" ಎಂದು ಕೇಳಿದಳು.

"ಹೌದು. ಗರ್ಭಕೋಶದಲ್ಲಿ ಗಡ್ಡೆ," ಎಂದಳು ಇಂದ್ರಮ್ಮ. ಕೃಷ್ಣಪ್ಪ ಕಣ್ಣಿನಲ್ಲೇ ಸಾಕು ಎಂದ. ಅವಳು ನಿಲ್ಲಿಸಲಿಲ್ಲ. "ಅದ್ರ ಜೊತೆ ಅಂಡಾಶಯನೂ ತೆಗೆಸೋದಾ ಅಂತ ಯೋಚ್ನೆ ಮಾಡ್ತಿದೀನಿ. ನಮ್ಮವ್ವನೂ ನಮ್ಮಕ್ಕನೂ ಅದ್ರ ಕ್ಯಾನ್ಸರಲ್ಲೇ ಹೋದ್ರು. ಕಾಮಾಲೆ ಅಂತ ನಿಮಗೆ ಹೇಳಿದ್ದು ನಿಜ ಅಲ್ಲ. ನಾಳೆ ಬೇರೆ ಯಾರೋ ಹೇಳೋ ಬದ್ಲು ನಾನೇ ಹೇಳ್ಬುಟ್ಟೆ."

ಅಣ್ಣಯ್ಯ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಹಾಗೇ ಹಚ್ಚುತ್ತಲೇ ಇದ್ದ. ಅವನ ಹೆಂಡತಿ ಸೆರಗು ಸರಿಮಾಡಿಕೊಂಡಳು. "ಹೇಳಿದ್ದು ಒಳ್ಳೇದೇ ಆಯ್ತು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಹೊರಡುವಾಗ, "ಮನೇಲಿ ಕೂತು ಮಾತಾಡಿ ಹೇಳಿ ಕಳಿಸ್ತೀವಿ," ಎಂದರು. ತಾಂಬೂಲ ಬದಲಾಯಿಸುವ ಮಾತನ್ನೇ ಎತ್ತಲಿಲ್ಲ.

ಜೀಪು ತಿರುವು ದಾಟಿದ್ದೇ ತಡ ಕೃಷ್ಣಪ್ಪ ಕೂಗಾಡಿದ.

"ಹೋಟ್ಲು ಬಾಗ್ಲಲ್ಲಿ ಬೋರ್ಡ್ ಬರ್ಸಿ ಹಾಕು! ಇಲ್ಲಿ ಕ್ಯಾನ್ಸರ್ ಹೆಣ್ಮಕ್ಳು ಅವ್ರೆ ಅಂತ! ಘಾಟಿ ಇಳಿಯೋರೆಲ್ಲಾ ಓದ್ಕೊಂಡು ಹೋಗ್ಲಿ!"

"ಕೂಗ್ಬ್ಯಾಡಿ. ನಾನು ಕದ್ದಿಲ್ಲ, ಸುಳ್ಳಾಡಿಲ್ಲ."

"ಮಗಳ ಬಾಳು ಹಾಳಾಯ್ತು!"

"ಬಾಳು ಹಾಳಾಗಿಲ್ಲ. ಒಂದು ಮದ್ವೆ ತಪ್ಪಿರಬೋದು."

"ನಿನ್ಗೆ ಕರುಳು ಅನ್ನೋದೇ ಇಲ್ಲ ಕಣೆ," ಎಂದು ಅವನು ಬಾಗಿಲು ಬಡಿದು ಹೋದ. ಕೆಂಚಮ್ಮ ಮಗನ ಹಿಂದೆ ಹೋಗಲಿಲ್ಲ. ಎಂಜಲು ಎಲೆಗಳನ್ನು ತಾನೇ ಎತ್ತಲು ಬಗ್ಗಿದಳು. 

ಯಸಳೂರಿನಿಂದ ಸುದ್ದಿ ಬರಲು ಬಹಳ ದಿನ ಹಿಡಿಯಲಿಲ್ಲ. ಹುಡುಗನಿಗೆ ಅರಕಲಗೂಡಿನ ಕಡೆ ಹೆಣ್ಣು ಗೊತ್ತಾಯಿತಂತೆ. ಸುಮಿತ್ರ ಸೌದೆ ಕೊಟ್ಟಿಗೆಯ ಹಿಂದೆ ಹೋಗಿ ಮನಸಾರೆ ಅತ್ತಳು. ಇಂದ್ರಮ್ಮ ಹತ್ತಿರ ಹೋದಾಗ, "ನೀನು ಮಾಡಿದ್ದು ತಪ್ಪಲ್ಲ ಅಂತ ಗೊತ್ತು. ಆದ್ರೂ ಇವತ್ತು ನಂಗೆ ನಿನ್ ಮೇಲೆ ಸಿಟ್ಟೈತೆ. ಇವತ್ತೊಂದಿನ ಬುಟ್ಬುಡು," ಎಂದಳು. ಇಂದ್ರಮ್ಮ ಬಿಟ್ಟಳು. ಮಾರನೇ ದಿನ ಬೆಳಿಗ್ಗೆ ಸುಮಿತ್ರ ಹೇಳದೆಯೇ ಬಂದು ರೊಟ್ಟಿ ತಟ್ಟಲು ಕೂತಳು. "ಮುಂದೆ ಬರೋರಿಗೆ ನಾನೇ ಹೇಳ್ತೀನಿ. ಊಟಕ್ಕೆ ಮುಂಚೆ. ಕೋಳಿನಾದ್ರೂ ಉಳೀತದೆ," ಎಂದಳು.

ಕೃಷ್ಣಪ್ಪ ಮಾತು ಬಿಟ್ಟಿದ್ದ. ತಟ್ಟೆ ಮುಂದಿಟ್ಟರೆ ತಿನ್ನುವನು, ಕೇಳಿದ್ದಕ್ಕೆ ಹ್ಞೂಂ ಅನ್ನುವನು. ಒಂದು ಮುಂಜಾನೆ ಇಂದ್ರಮ್ಮ ಒರಳುಕಲ್ಲಿನ ಮುಂದೆ ಕಾಯಿ, ಕೊತ್ತಂಬರಿ ರುಬ್ಬುತ್ತಿದ್ದಾಗ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಬೆಂಗ್ಳೂರಿಂದ ಕಮಲಕ್ಕನ್ನ ಕರ್ಕೊಂಡು ಬಂದಾಗ ನಾನೂ ಇದ್ನಲ್ಲ ಕಾರಲ್ಲಿ."

"ಹ್ಞೂಂ."

"ದಾರಿ ಉದ್ದಕ್ಕೂ ಉಪ್ಪಿಟ್ಟು ಬೇಕು ಅಂತಿದ್ರು. ಚನ್ನರಾಯಪಟ್ಣದಲ್ಲಿ ನಿಲ್ಸಿ ತಂದೆ. ಎರಡು ತುತ್ತು ಇಳೀಲಿಲ್ಲ. ನಿನ್ ಭಾವ ಅದೇ ತಟ್ಟೆ ಹಿಡ್ಕೊಂಡು ರೋಡಲ್ಲಿ ಅಳ್ತಾ ನಿಂತ್ಕೊಂಡ್ರು." ಅವನು ಒರಳಿನ ಸುತ್ತ ಚೆಲ್ಲಿದ್ದ ಕಾಯಿತುರಿಯನ್ನು ಬೆರಳಲ್ಲಿ ಒಟ್ಟುಮಾಡಿದ. "ನಿನ್ನನ್ನ ಆಸ್ಪತ್ರೆಗೆ ಬುಡೋದು ಅಂದ್ರೆ ನಂಗೆ ಅದೇ ಕಣ್ಮುಂದೆ ಬರ್ತದೆ. ಅದಕ್ಕೇ ಬ್ಯಾಡ ಅಂದಿದ್ದು. ಮೀಸೆ ಗೀಸೆ ಎಲ್ಲಾ ಸುಳ್ಳು."

ಇಂದ್ರಮ್ಮ ಗುಂಡುಕಲ್ಲು ನಿಲ್ಲಿಸಿದಳು. "ಅಕ್ಕನ್ನ ಎತ್ಕೊಂಡು ಬಂದ್ರಿ. ನಾನು ನಡ್ಕೊಂಡು ಹೋಗ್ತೀನಿ, ನಡ್ಕೊಂಡು ಬರ್ತೀನಿ. ಅವಳ್ಗೆ ಯಾರೂ ಮುಂಚೆ ಹೇಳ್ಲಿಲ್ಲ. ನಂಗೆ ಹೇಳವ್ರೆ."

"ತೀರ್ಮಾನ ಆಗೋಗೈತಾ?"

"ಆಗೈತೆ. ಗರ್ಭಕೋಶದ ಜೊತೆ ಅವೆರಡೂ ತೆಗೆಸ್ತೀನಿ."

ಅವನು ತಲೆ ತಗ್ಗಿಸಿದ. ಆಮೇಲೆ ಒರಳಿನ ಬಾಯಿಗೆ ಕಾಯಿತುರಿ ತಳ್ಳುತ್ತಾ, "ನಾನೂ ಬಂದು ಡಾಕ್ಟರಮ್ಮನ್ನ ಒಂದ್ ಮಾತು ಕೇಳ್ಬೇಕು," ಎಂದ.

ಕೇಳಿದ್ದೂ ಆಯಿತು. ಹಾಸನದಲ್ಲಿ ಡಾಕ್ಟರ ಮುಂದೆ ಟವೆಲು ಹಿಂಡುತ್ತಾ ನಿಂತು, "ತೆಗೆದ ಮೇಲೂ ಇವ್ಳು ಇವ್ಳಾಗೇ ಇರ್ತಾಳಾ?" ಎಂದ.

"ಇರ್ತಾರೆ. ಕೆಲವು ತಿಂಗಳು ಸ್ವಲ್ಪ ಸಿಟ್ಟು ಹೆಚ್ಚಾಗಬಹುದು."

"ಅದು ಈಗ್ಲೇ ಐತೆ ಬುಡಿ," ಎಂದ ಕೃಷ್ಣಪ್ಪ. ಡಾಕ್ಟರಿಗೂ ನಗು ಬಂತು. ಒಪ್ಪಿಗೆಯ ಕಾಗದಕ್ಕೆ ಅವನು ಕೈ ಚಾಚಿದಾಗ ಅವರು ಅದನ್ನು ಇಂದ್ರಮ್ಮನ ಮುಂದಿಟ್ಟು, "ಮೊದಲು ಇವರದು," ಎಂದರು. ಇಂದ್ರಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನ ಹೋಟೆಲನ್ನು ಮಗಳೂ ಅಜ್ಜಿಯೂ ನಡೆಸಿದರು. ಕೆಂಚಮ್ಮನಿಗೆ ಉಪ್ಪಿನ ಅಂದಾಜು ತಪ್ಪಿತ್ತು. ಡ್ರೈವರುಗಳು ನೀರು ಕುಡಿದು ಕುಡಿದು ಘಾಟಿ ಇಳಿದರು. "ಇಂದ್ರಕ್ಕ ಯಾವಾಗ ಬರ್ತಾರೆ?" ಎಂದು ಕೇಳಿದವರಿಗೆಲ್ಲ ಕೆಂಚಮ್ಮ, "ಬರ್ತಾಳೆ. ಅವಳ್ಗೇನಾಗೈತೆ, ಗಟ್ಟಿಗಿತ್ತಿ," ಎನ್ನುತ್ತಿದ್ದಳು. ಬೇಡವೆಂದು ವಾದಿಸಿದ್ದವಳು ತಾನೇ ಎಂಬುದನ್ನು ಮರೆತವಳಂತೆ ಹೇಳುತ್ತಿದ್ದಳು.

ಇಂದ್ರಮ್ಮ ಹೇಳಿದಂತೆ ನಡೆದುಕೊಂಡೇ ಮನೆಯೊಳಗೆ ಬಂದಳು, ಹೊಟ್ಟೆಯ ಮೇಲೊಂದು ಕೈ ಇಟ್ಟುಕೊಂಡು, ನಿಧಾನವಾಗಿ. ಹೊಲಿಗೆ ಬಿಚ್ಚಿಸಲು ಹೋದಾಗ ತೆಗೆದ ಭಾಗಗಳ ಪರೀಕ್ಷೆಯ ಫಲಿತಾಂಶವೂ ಬಂದಿತ್ತು. ಗಡ್ಡೆಗಳು ಸಾಧಾರಣದವು, ಕ್ಯಾನ್ಸರಿನವಲ್ಲ. ಎರಡು ಅಂಡಾಶಯಗಳಲ್ಲೂ ಯಾವ ದೋಷವೂ ಇರಲಿಲ್ಲ.

ಅದನ್ನು ಕೇಳಿ ಕೆಂಚಮ್ಮನ ಮುಖ ಅರಳಿ, ಮರುಕ್ಷಣವೇ ಬಾಡಿತು. "ಏನೂ ಇರ್ಲಿಲ್ವಾ? ಹಂಗಾದ್ರೆ ಸುಮ್ನೆ ತೆಗೆಸ್ದಂಗಾಯ್ತಲ್ಲೇ! ಸಂಬಂಧನೂ ಹೋಯ್ತು."

"ಏನಾದ್ರೂ ಇದ್ದಿದ್ರೆ ತಡ ಆಗಿರೋದು ಅತ್ತ್ಯಮ್ಮ. ಏನೂ ಇಲ್ದಾಗ ತೆಗೆಸ್ಬೇಕು ಅಂತಲೇ ಅಲ್ವಾ ನಾನು ಹೋಗಿದ್ದು?"

ಕೆಂಚಮ್ಮ ಅದನ್ನು ಮನಸ್ಸಿನಲ್ಲಿ ಎರಡು ಸಲ ತಿರುವಿ ನೋಡಿದಳು. "ನಿನ್ ಹತ್ರ ಮಾತಾಡಿ ಗೆದ್ದೋರಿಲ್ಲ," ಎಂದು ಗೊಣಗಿ, ಬಾಣಂತಿಗೆ ಮಾಡುವ ಹಾಗೆ ಮೆಣಸು, ಬೆಳ್ಳುಳ್ಳಿ ಹಾಕಿ ಸಾರು ಕುದಿಸಲು ಒಳಗೆ ಹೋದಳು.

ಡಾಕ್ಟರು ಹೇಳಿದ್ದೆಲ್ಲ ಬಂತು. ಕೂತಿದ್ದಂತೆ ಎದೆಯಿಂದ ಬೆಂಕಿ ಎದ್ದು ಮುಖಕ್ಕೆ ಏರುವುದು, ರವಿಕೆ ತೊಯ್ಯುವುದು. ಒಲೆಯ ಮುಂದೆ ನಿಲ್ಲುವುದೇ ಆಗದ ಮಾತಾಯಿತು. ಕಾರಣವಿಲ್ಲದೆ ಕಣ್ಣೀರು ಬಂದ ದಿನಗಳೂ ಇದ್ದವು. ಅಂಥ ದಿನ ಅವಳು ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಕೊನೆಗೆ ಕೃಷ್ಣಪ್ಪ ಲುಂಗಿ ಎತ್ತಿಕಟ್ಟಿ ಒಲೆಯ ಮುಂದೆ ನಿಂತ, ಅವಳು ಗಲ್ಲಾಪೆಟ್ಟಿಗೆಯ ಮುಂದೆ, ಗಾಳಿ ಬರುವ ಕಡೆ ಕೂತಳು. ಡ್ರೈವರುಗಳು, "ಏನ್ ಮಾರಾಯ, ಪ್ರಮೋಷನ್ನಾ?" ಎಂದು ಅವನನ್ನು ಛೇಡಿಸಿದರು. ಅವನ ರೊಟ್ಟಿ ಮೊದಮೊದಲು ದಪ್ಪವಾಗಿ, ಅಂಚು ಹರಿಯುತ್ತಿತ್ತು. ಇಂದ್ರಮ್ಮ ಕೂತಲ್ಲಿಂದಲೇ ಕೂಗಿ ತಿದ್ದುತ್ತಿದ್ದಳು.

ಯುಗಾದಿ ಕಳೆದು ಕಾಫಿ ಹೂವೆಲ್ಲ ಉದುರಿದ ಮೇಲೆ ನಾಗರತ್ನಮ್ಮ ಬಂದಳು. ಕೋಪ ಮಾಡಿಕೊಂಡು ಹೋದವಳು ಆಪರೇಷನ್ನಿಗೂ ಬಂದಿರಲಿಲ್ಲ. ಹೇಳದೆ ಕೇಳದೆ ಹಿಂದಿನ ಬಾಗಿಲಿನಿಂದ ಬಂದು ಕೆಂಚಮ್ಮನ ಪಕ್ಕ ಕೂತು ಈರುಳ್ಳಿ ಸುಲಿಯತೊಡಗಿದಳು. ಇಂದ್ರಮ್ಮ ಕಾಫಿ ತಂದುಕೊಟ್ಟಳು. 

"ಬಿಸಿ ಬಿಸಿ ಆಗ್ತದಂತೆ?" ಎಂದಳು ನಾಗರತ್ನಮ್ಮ, ಕೊನೆಗೆ.

"ಆಗ್ತದೆ. ಹೋಗ್ತದೆ."

"ಗಾಯ ನೋಯ್ತದಾ?"

"ಈಗಿಲ್ಲ."

ಇನ್ನೆರಡು ಈರುಳ್ಳಿ ಮುಗಿದವು. ನಾಗರತ್ನಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಂಗೇನೂ ಆಗಿಲ್ಲ. ಊಟ ಸೇರ್ತದೆ, ನಿದ್ದೆ ಬರ್ತದೆ. ಆದ್ರೂ ಸಾಯಂಕಾಲ ಆದ್ರೆ ಹೊಟ್ಟೆ ಮುಟ್ಟಿ ಮುಟ್ಟಿ ನೋಡ್ಕೊಳ್ಳಂಗಾಗೈತೆ ಕಣಕ್ಕ. ಆ ಡಾಕ್ಟರಮ್ಮ ಸೋಮವಾರ ಇರ್ತಾರಾ?"

"ಇರ್ತಾರೆ. ಮೊದಲ್ನೇ ಬಸ್ಸಿಗೆ ಹೋಗೋಣ."

ಸೋಮವಾರ ಅಕ್ಕತಂಗಿಯರಿಬ್ಬರೂ ಡಾಕ್ಟರ ಮೇಜಿನ ಮುಂದೆ ಕೂತರು. ಡಾಕ್ಟರು ನಾಗರತ್ನಮ್ಮನ ಹೆಸರು, ವಯಸ್ಸು ಬರೆದುಕೊಂಡು, ಏನೂ ಗೊತ್ತಿಲ್ಲದವರಂತೆ ಅವಳನ್ನೇ ಕೇಳಿದರು, "ನಿಮ್ಮ ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಬಂದಿತ್ತಾ?"

ನಾಗರತ್ನಮ್ಮ ಅಕ್ಕನ ಕಡೆ ನೋಡಿದಳು. ಇಂದ್ರಮ್ಮನ ಮುಖ ಬೆವರುತ್ತಿತ್ತು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ಬಂದಿತ್ತು," ಎಂದಳು ನಾಗರತ್ನಮ್ಮ.  ಆಮೇಲೆ ದನಿ ಗಟ್ಟಿಯಾಯಿತು. "ನಮ್ಮವ್ವ ಅದ್ರಲ್ಲೇ ಹೋದ್ರು. ನಮ್ ದೊಡ್ಡಕ್ಕ ಕಮಲ ಅದ್ರಲ್ಲೇ ಹೋದ್ಲು. ಇವ್ಳು ಮುಂಚೇನೇ ತೆಗೆಸ್ಬುಟ್ಲು."